ಸಿಡಿಯದ ಬಾಂಬಿನ ಮರುದಿನ

2005ರ ಜುಲೈ 21ರ ಮಧ್ಯಾಹ್ನ ಲಂಡನ್ನಿನ ಮೂರು ಸುರಂಗ ರೈಲುಗಳಲ್ಲಿ ಮತ್ತು ಒಂದು ಬಸ್ಸಿನಲ್ಲಿ ಬೆನ್ನುಚೀಲದ ಬಾಂಬುಗಳನ್ನು ಸಿಡಿಸುವ ಯತ್ನ ನಡೆಯಿತು. ಎರಡು ವಾರದ ಹಿಂದಷ್ಟೇ ಇಂಥದೇ ದಾಳಿಯಲ್ಲಿ 52 ಜನರ ಜೀವ ಹೋಗಿತ್ತು. ಈ ಸಲ ಶೆಫರ್ಡ್ಸ್ ಬುಷ್, ವಾರನ್ ಸ್ಟ್ರೀಟ್, ಓವಲ್ ನಿಲ್ದಾಣಗಳ ಬಳಿಯೂ ಹ್ಯಾಕ್ನಿ ರಸ್ತೆಯ ಬಸ್ಸಿನಲ್ಲೂ ಡಿಟೋನೇಟರ್ ಮಾತ್ರ ಸಿಡಿಯಿತು. ಚಪಾತಿ ಹಿಟ್ಟು ಬೆರೆಸಿದ್ದ ಮುಖ್ಯ ಮಿಶ್ರಣ ಹಾಗೇ ಉಳಿಯಿತು. ಅದನ್ನು ಯಾವ ಕಾವಲುಗಾರನೂ ತಡೆದಿರಲಿಲ್ಲ, ಮಾಡಿದವರ ಕೈಕೆಲಸವೇ ಕೆಟ್ಟಿತ್ತು. ನಿಲ್ದಾಣದ ಬಾಗಿಲಲ್ಲೇ ಎಲ್ಲರನ್ನೂ ತಪಾಸಣೆ ಮಾಡಿದ್ದರೆ ಆಗುತ್ತಿತ್ತಲ್ಲ ಎಂದು ಕೇಳಬಹುದು. ಸುಮಾರು 270 ನಿಲ್ದಾಣಗಳ ಜಾಲದಲ್ಲಿ ಹಾಗೆ ಮಾಡಿದರೆ ಬಾಗಿಲ ಮುಂದಿನ ಸಾಲೇ ಹೊಸ ಗುರಿಯಾಗುತ್ತದೆ. ತಪಾಸಣೆ ಇರುವಲ್ಲೂ ಕತೆ ಅಷ್ಟೇ: ಬೆಂಗಳೂರಿನ ಮೆಟ್ರೋದಲ್ಲಿ ಚೀಲ ಯಂತ್ರದೊಳಗೆ ಹೋಗಿ ಬರುತ್ತದೆ. ಅದೇ ಚೀಲ ಹೆಗಲಿಗೇರಿಸಿ ಸಿಟಿ ಬಸ್ಸು ಹತ್ತಿದರೆ ಯಾರೂ ಕೇಳುವುದಿಲ್ಲ.

ಹಾಗಾದರೆ ನಗರವನ್ನು ಕಾಯುವುದು ಯಾವುದು? ನನ್ನ ಮಟ್ಟಿಗೆ, ಸುದ್ದಿಯಾಗದ ನಿಧಾನದ ತನಿಖೆ. ಸಿಡಿಯದ ಬಾಂಬು ಸಾಕ್ಷ್ಯವನ್ನು ಸುಟ್ಟುಹಾಕುವುದಿಲ್ಲ. ಚೀಲವೊಂದರಲ್ಲಿ ಜಿಮ್ಮಿನ ಸದಸ್ಯತ್ವದ ಕಾರ್ಡು ಸಿಕ್ಕಿತು, ಕ್ಯಾಮೆರಾಗಳಲ್ಲಿ ಮುಖಗಳು ದಾಖಲಾಗಿದ್ದವು. ಎಂಟು ದಿನದೊಳಗೆ ಬರ್ಮಿಂಗ್‌ಹ್ಯಾಮ್, ಲಂಡನ್ ಮತ್ತು ರೋಮ್‌ನಲ್ಲಿ ನಾಲ್ವರೂ ಸೆರೆಸಿಕ್ಕರು. 2007ರಲ್ಲಿ ಅವರಿಗೆ ಜೀವಾವಧಿ ಶಿಕ್ಷೆಯಾಯಿತು. ಕನಿಷ್ಠ 40 ವರ್ಷ ಜೈಲಿನಲ್ಲೇ ಇರಬೇಕೆಂದು ನ್ಯಾಯಾಲಯ ಹೇಳಿತು.

ಆದರೆ ಅದೇ ಜಿಮ್ ಕಾರ್ಡಿನ ವಿಳಾಸ ಹಿಡಿದು ಹೊರಟ ಪೊಲೀಸರು ಬಾಂಬ್ ಯತ್ನದ ಮರುದಿನವೇ ಒಬ್ಬ ನಿರಪರಾಧಿಯನ್ನು ಕೊಂದರು. ಬ್ರೆಜಿಲ್‌ನ 27 ವರ್ಷದ ಎಲೆಕ್ಟ್ರಿಷಿಯನ್ ಜೀನ್ ಚಾರ್ಲ್ಸ್ ಡಿ ಮೆನೆಜಿಸ್ ಆ ವಿಳಾಸದ ಕಟ್ಟಡದ ಇನ್ನೊಂದು ಮನೆಯಲ್ಲಿದ್ದ. ಎಲ್ಲರಿಗೂ ಬೀದಿಬಾಗಿಲು ಒಂದೇ. ಆತ ಹೊರಬಂದಾಗ ಮುಖ ಚಿತ್ರೀಕರಿಸಬೇಕಿದ್ದ ಕಾವಲಿನವನು ಮೂತ್ರ ವಿಸರ್ಜನೆ ಮಾಡುತ್ತಿದ್ದ. ಗುರುತು ಖಚಿತವಾಗಲೇ ಇಲ್ಲ. ಸ್ಟಾಕ್‌ವೆಲ್ ನಿಲ್ದಾಣದಲ್ಲಿ ಆತ ಟಿಕೆಟ್ ಗೇಟು ಹಾರಿದ, ದಪ್ಪ ಕೋಟು ತೊಟ್ಟಿದ್ದ ಎಂಬ ಸುದ್ದಿ ಮೊದಮೊದಲು ಹರಡಿತು. ನಿಜವಾಗಿ ತೊಟ್ಟಿದ್ದದ್ದು ಡೆನಿಮ್ ಜಾಕೆಟ್. ಆಯ್ಸ್ಟರ್ ಎಂಬ ಪ್ರಯಾಣದ ಕಾರ್ಡು ಮುಟ್ಟಿಸಿಯೇ ಒಳಹೋಗಿ, ಬಿಟ್ಟಿ ಪತ್ರಿಕೆಯೊಂದನ್ನೂ ಎತ್ತಿಕೊಂಡಿದ್ದ. ರೈಲಿನಲ್ಲಿ ಕೂತಿದ್ದಾಗ ತಲೆಗೆ ಏಳು ಗುಂಡು ಹೊಡೆದರು.

ಮೈಗೆ ಬಾಂಬು ಕಟ್ಟಿಕೊಂಡಿರಬಹುದಾದವನ ಎದುರು ನಿಂತು ಯೋಚಿಸುತ್ತ ಕೂರಲಾದೀತೇ ಎಂಬ ಆಕ್ಷೇಪ ಹಗುರವಾದದ್ದಲ್ಲ. ರೈಲಿನೊಳಗೆ ಪೊಲೀಸರ ಕೈಯಲ್ಲಿದ್ದದ್ದು ಕ್ಷಣಗಳೇ. ಆದರೆ ಆತ ಮನೆ ಬಿಟ್ಟು ಅರ್ಧ ಗಂಟೆಯ ಮೇಲಾಗಿತ್ತು. ಬಸ್ಸು ಹತ್ತಿದ್ದ, ಬ್ರಿಕ್ಸ್‌ಟನ್ ನಿಲ್ದಾಣ ಮುಚ್ಚಿದ್ದರಿಂದ ಇಳಿದು ಮತ್ತೆ ಹತ್ತಿದ್ದ. ಆತ್ಮಹತ್ಯಾ ಬಾಂಬರ್ ಇರಬಹುದೆಂಬ ಶಂಕೆ ನಿಜವಾಗಿ ಇದ್ದಿದ್ದರೆ ಆ ಬಸ್ಸನ್ನೇ ಹತ್ತಗೊಡಬಾರದಿತ್ತು. 2007ರಲ್ಲಿ ಸಾರ್ವಜನಿಕರ ಸುರಕ್ಷತೆಯ ಕಾನೂನು ಮುರಿದದ್ದಕ್ಕಾಗಿ ಲಂಡನ್ ಪೊಲೀಸ್ ಪಡೆಗೆ 1,75,000 ಪೌಂಡ್ ದಂಡ ಬಿತ್ತು. ಆ ಕಟ್ಟಡದಿಂದ ಹೊರಬಂದವರನ್ನು ದೂರದಲ್ಲೇ ತಡೆದು ವಿಚಾರಿಸಬೇಕೆಂಬ ಸೂಚನೆ ಆತ ಸತ್ತ ದಿನ ಬೆಳಗಿನ ಜಾವ ಐದರ ಹೊತ್ತಿಗೇ ಹೊರಟಿತ್ತು. ಅದನ್ನು ಜಾರಿಗೊಳಿಸಬೇಕಿದ್ದ ಸಶಸ್ತ್ರ ತಂಡ ಆತ ಹೊರಬಂದಾಗಲೂ ಅಲ್ಲಿಗೆ ತಲುಪಿರಲಿಲ್ಲ.