ಮಾದಕ ದ್ರವ್ಯ ಪ್ರಕರಣಗಳು: ಕಾನೂನಿನ ಅರಿವು ನಮ್ಮ ಮನೆಗೂ ಬೇಕು

(ಬೆಳುವಾಯಿಯಲ್ಲಿ ನಡೆದ ಮಾದಕ ದ್ರವ್ಯ ವಿರೋಧಿ ಜಾಗೃತಿ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಾದಕ ದ್ರವ್ಯವು ಕೆಟ್ಟದ್ದೆಂದು ಹೇಳುವುದಕ್ಕೆ ನಾವು ಈ ವೇದಿಕೆಯೇರಿಲ್ಲ. ಅಮಲು ನಿಷಿದ್ಧವೆಂಬುದು ಇಲ್ಲಿರುವ ಮದ್ರಸದ ಮಗುವಿಗೂ ಗೊತ್ತು. ಆದರೆ ಅದು ಗೊತ್ತಿದ್ದೂ ನಮ್ಮ ಮಕ್ಕಳು ಜೈಲಿನಲ್ಲಿದ್ದಾರೆ. ಅವರಲ್ಲಿ ಕೆಲವರು ಮಾರಿದವರು, ಕೆಲವರು ಸೇವಿಸಿದವರು, ಕೆಲವರು ಗೆಳೆಯನ ಚೀಲವನ್ನು ಹೊತ್ತವರು. ಕಾನೂನು ಈ ಮೂವರನ್ನು ಹೇಗೆ ನೋಡುತ್ತದೆ ಎಂಬುದು ಅವರಿಗೂ ಗೊತ್ತಿರಲಿಲ್ಲ, ಅವರ ಹೆತ್ತವರಿಗೂ ಗೊತ್ತಿರಲಿಲ್ಲ. ಆ ಅಜ್ಞಾನದ ಕುರಿತೇ ಇಂದು ನಾವು ಮಾತಾಡಬೇಕಾಗಿದೆ.

ಪೇಟೆಯ ಪಿಡುಗು ನಮ್ಮ ಹಳ್ಳಿಗೆ ಬಾರದು ಎಂಬ ಭ್ರಮೆ ಬೇಡ. ಮೂಡುಬಿದಿರೆಯಿಂದ ಕಾರ್ಕಳಕ್ಕೆ ಹೋಗುವ ಹೆದ್ದಾರಿಯು ನಮ್ಮ ಊರಿನ ನಡುವೆಯೇ ಹಾದು ಹೋಗುತ್ತದೆ. ಸುತ್ತಮುತ್ತ ಕಾಲೇಜುಗಳಿವೆ, ಹಾಸ್ಟೆಲ್‌ಗಳಿವೆ. 2025ರ ಮಾರ್ಚ್‌ನಲ್ಲಿ ಮಂಗಳೂರು ಪೊಲೀಸರು ಬೆಂಗಳೂರಿನಲ್ಲಿ ಇಬ್ಬರು ದಕ್ಷಿಣ ಆಫ್ರಿಕಾದ ಮಹಿಳೆಯರಿಂದ 37.87 ಕಿಲೋ ಎಂಡಿಎಂಎ ವಶಪಡಿಸಿಕೊಂಡರು. ಅದರ ಮೌಲ್ಯ ಸುಮಾರು 75 ಕೋಟಿ ರೂಪಾಯಿಗಳೆಂದು ಹೇಳಲಾಯಿತು. ಅಷ್ಟು ದೊಡ್ಡ ಜಾಲದ ಜಾಡನ್ನು ಹಿಡಿದು ಹೊರಟವರು ನಮ್ಮದೇ ಜಿಲ್ಲೆಯ ಪೊಲೀಸರು ಎಂಬುದನ್ನು ಗಮನಿಸಿರಿ. ಸರಕಿನ ಕೊನೆಯ ಗಿರಾಕಿ ಯಾವ ಊರಿನಲ್ಲಿರುತ್ತಾನೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಕಾನೂನಿನ ವಿಷಯಕ್ಕೆ ಬರೋಣ. ಇದಕ್ಕೆ 1985ರ ಎನ್‌ಡಿಪಿಎಸ್ ಕಾಯ್ದೆ ಎನ್ನುತ್ತಾರೆ. 2001ರ ತಿದ್ದುಪಡಿಯ ಬಳಿಕ ಈ ಕಾಯ್ದೆಯಲ್ಲಿ ಶಿಕ್ಷೆಯನ್ನು ಮುಖ್ಯವಾಗಿ ನಿರ್ಧರಿಸುವುದು ತಕ್ಕಡಿ. ಸಿಕ್ಕಿದ ವಸ್ತು ಅಲ್ಪ ಪ್ರಮಾಣದ್ದಾದರೆ ಒಂದು ವರ್ಷದ ತನಕ ಕಠಿಣ ಸಜೆ ಅಥವಾ ಹತ್ತು ಸಾವಿರ ರೂಪಾಯಿಗಳ ತನಕ ದಂಡ ಅಥವಾ ಅವೆರಡೂ. ಅದಕ್ಕಿಂತ ಹೆಚ್ಚು, ಆದರೆ ವಾಣಿಜ್ಯ ಪ್ರಮಾಣಕ್ಕಿಂತ ಕಡಿಮೆಯಾದರೆ ಹತ್ತು ವರ್ಷಗಳ ತನಕ ಸಜೆ ಮತ್ತು ಒಂದು ಲಕ್ಷದ ತನಕ ದಂಡ. ವಾಣಿಜ್ಯ ಪ್ರಮಾಣವಾದರೆ ಕನಿಷ್ಠ ಹತ್ತು ವರ್ಷ, ಗರಿಷ್ಠ ಇಪ್ಪತ್ತು ವರ್ಷ, ಜೊತೆಗೆ ಒಂದರಿಂದ ಎರಡು ಲಕ್ಷ ದಂಡ. ಇಲ್ಲಿ ನ್ಯಾಯಾಧೀಶರಿಗೆ ಕನಿಕರ ಹುಟ್ಟಿದರೂ ಹತ್ತು ವರ್ಷಗಳಿಗಿಂತ ಕೆಳಗಿಳಿಯುವಂತಿಲ್ಲ.

ವಾಣಿಜ್ಯ ಪ್ರಮಾಣವೆಂದರೆ ಲಾರಿ ತುಂಬ ಸರಕು ಎಂದು ನಮ್ಮ ಯುವಕರು ಭಾವಿಸಿದ್ದಾರೆ. ಗಾಂಜಾಕ್ಕೆ ಅದು 20 ಕಿಲೋ ನಿಜ. ಆದರೆ ಎಂಡಿಎಂಎಗೆ ಕೇವಲ 10 ಗ್ರಾಂ. ಫೆಂಟನಿಲ್ ಎಂಬ ವಸ್ತುವಿಗೆ 0.1 ಗ್ರಾಂ ಮಾತ್ರ! ಉಪ್ಪಿನ ಒಂದು ಚಿಟಿಕೆಗಿಂತಲೂ ಕಡಿಮೆ. ಕ್ಯಾನ್ಸರ್ ರೋಗಿಯ ನೋವು ಶಮನಕ್ಕೂ ಶಸ್ತ್ರಚಿಕಿತ್ಸೆಗೂ ವೈದ್ಯರು ಬಳಸುವ ಔಷಧಿ ಅದು. ಮಾರ್ಫಿನ್‌ಗಿಂತ ಐವತ್ತರಿಂದ ನೂರು ಪಟ್ಟು ತೀವ್ರ. ಅಮೆರಿಕದಲ್ಲಿ ಲಕ್ಷಾಂತರ ಮನೆಗಳನ್ನು ಬರಿದುಗೊಳಿಸಿದ್ದು ಅದರ ಅಕ್ರಮ ರೂಪ. 2018ರಲ್ಲಿ ಇಂದೋರಿನ ಒಂದು ಪ್ರಯೋಗಾಲಯದಲ್ಲಿ ಸುಮಾರು ಒಂಬತ್ತು ಕಿಲೋ ಫೆಂಟನಿಲ್ ಸಿಕ್ಕಿತ್ತೆಂಬುದನ್ನು ನೆನೆದರೆ ಅದು ನಮ್ಮ ದೇಶಕ್ಕೆ ಅಪರಿಚಿತವೇನೂ ಅಲ್ಲ.

ಇನ್ನೊಂದು ಮಾತನ್ನು ಗಮನವಿಟ್ಟು ಕೇಳಿರಿ. ಪೊಟ್ಟಣದಲ್ಲಿ ಅಮಲು ಪದಾರ್ಥ ತುಸುವೇ ಇದ್ದು ಉಳಿದುದು ಬರೀ ಸಕ್ಕರೆ ಪುಡಿಯಾಗಿದ್ದರೆ ಏನು? 2020ರ ಏಪ್ರಿಲ್‌ನಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಉತ್ತರಿಸಿದೆ. ಮಿಶ್ರಣದ ಪೂರ್ತಿ ತೂಕವನ್ನೇ ಲೆಕ್ಕ ಹಿಡಿಯಬೇಕು. ಅಂದರೆ ಯಾರೋ ಕಲಬೆರಕೆ ಮಾಡಿದ ಹಿಟ್ಟಿನ ತೂಕಕ್ಕೂ ನಮ್ಮ ಹುಡುಗ ವರ್ಷಗಳನ್ನು ತೆರಬೇಕಾಗುತ್ತದೆ.

ಜಾಮೀನಿನ ಕಥೆ ಇನ್ನೂ ಕಠಿಣ. ವಾಣಿಜ್ಯ ಪ್ರಮಾಣದ ಪ್ರಕರಣಗಳಲ್ಲಿ 37ನೇ ಸೆಕ್ಷನ್ ಪ್ರಕಾರ, ಆರೋಪಿಯು ತಪ್ಪಿತಸ್ಥನಲ್ಲವೆಂದು ನಂಬಲು ಸಕಾರಣಗಳಿವೆ ಮತ್ತು ಹೊರಬಂದರೆ ಅವನು ಮತ್ತೆ ಅಪರಾಧವೆಸಗಲಾರನು ಎಂಬ ಎರಡೂ ವಿಚಾರಗಳು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು. ತನಿಖೆಗೂ 180 ದಿನಗಳ ಅವಧಿಯಿದ್ದು, ಅದನ್ನು ಒಂದು ವರ್ಷದ ವರೆಗೆ ವಿಸ್ತರಿಸಲು ಅವಕಾಶವಿದೆ. ‘ನಾನು ಮಾರಿಲ್ಲ, ಬೈಕ್ ಮಾತ್ರ ಕೊಟ್ಟೆ’ ಎನ್ನುವವನೂ ಕ್ಷೇಮವಾಗಿಲ್ಲ. ತಿಳಿದೂ ವಾಹನವನ್ನೋ ಕೋಣೆಯನ್ನೋ ಕೊಟ್ಟವನಿಗೆ, ಸಂಚಿನಲ್ಲಿ ಪಾಲುಗೊಂಡವನಿಗೆ ಮೂಲ ಅಪರಾಧದ ಶಿಕ್ಷೆಯೇ ಇದೆ.

ಹಾಗಾದರೆ ಆರೋಪಿಗೆ ರಕ್ಷಣೆಯೇ ಇಲ್ಲವೇ? ಖಂಡಿತ ಇದೆ. ಕಾನೂನು ಎಷ್ಟು ಕಠಿಣವೋ ಅಷ್ಟೇ ಕಟ್ಟುನಿಟ್ಟಿನ ವಿಧಾನವನ್ನು ಅದು ಅಧಿಕಾರಿಗಳಿಗೂ ವಿಧಿಸಿದೆ. ಮೈ ಶೋಧನೆಗೆ ಮುನ್ನ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ಶೋಧನೆ ಬಯಸುವ ಹಕ್ಕು ನಿನಗಿದೆಯೆಂದು ವ್ಯಕ್ತಿಗೆ ತಿಳಿಸಲೇಬೇಕು. ಇದು 50ನೇ ಸೆಕ್ಷನ್. ಇದರ ಪಾಲನೆ ಕಡ್ಡಾಯವೆಂದು 2010ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಆದರೆ ಈ ರಕ್ಷಣೆ ಮೈ ಶೋಧನೆಗೆ ಮಾತ್ರ, ಕೈಯಲ್ಲಿರುವ ಚೀಲಕ್ಕೆ ಅನ್ವಯಿಸದು. ಮಹಿಳೆಯನ್ನು ಮಹಿಳೆಯೇ ಶೋಧಿಸಬೇಕು. ಗುಪ್ತ ಮಾಹಿತಿಯ ಮೇರೆಗೆ ಮನೆಗೆ ನುಗ್ಗುವುದಾದರೆ ಆ ಮಾಹಿತಿಯನ್ನು ಬರೆದಿಟ್ಟು 72 ಗಂಟೆಗಳೊಳಗೆ ಮೇಲಧಿಕಾರಿಗೆ ಕಳುಹಿಸಬೇಕು. ವಶಪಡಿಸಿದ ವಸ್ತುವಿನ ಮಾದರಿಯನ್ನು ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ತೆಗೆಯಬೇಕು.

2020ರ ಅಕ್ಟೋಬರ್‌ನ ತೂಫಾನ್ ಸಿಂಗ್ ತೀರ್ಪಿನ ಪ್ರಕಾರ, ಈ ಕಾಯ್ದೆಯಡಿ ತನಿಖಾಧಿಕಾರಿಯ ಮುಂದೆ ನೀಡಿದ ತಪ್ಪೊಪ್ಪಿಗೆಯ ಆಧಾರದಲ್ಲಿ ಶಿಕ್ಷೆ ವಿಧಿಸುವಂತಿಲ್ಲ. ವಸ್ತು ತನ್ನದಲ್ಲವೆಂದು ಸಾಬೀತುಪಡಿಸುವ ಹೊಣೆಯನ್ನು ಕಾಯ್ದೆ ಆರೋಪಿಯ ಮೇಲೆ ಹೊರಿಸಿದ್ದರೂ, ವಸ್ತು ಅವನ ಬಳಿಯೇ ಇತ್ತೆಂಬ ಬುನಾದಿಯನ್ನು ಮೊದಲು ಪ್ರಾಸಿಕ್ಯೂಶನ್ ಸಾಬೀತುಪಡಿಸಬೇಕೆಂದು 2008ರ ನೂರ್ ಆಗಾ ತೀರ್ಪು ಸಾರಿದೆ. ವಿಚಾರಣೆ ಅನಗತ್ಯವಾಗಿ ಎಳೆದಾಗ ಜಾಮೀನಿನ ಬಾಗಿಲು ತೆರೆಯಬಹುದೆಂದು 2023ರ ಮುಹಮ್ಮದ್ ಮುಸ್ಲಿಂ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿದೆ.

ಆದರೆ ಇವನ್ನೆಲ್ಲ ತಪ್ಪಿಸಿಕೊಳ್ಳುವ ಕಳ್ಳದಾರಿಗಳೆಂದು ಯಾರೂ ತಿಳಿಯಬಾರದು. ಮಾದರಿ ತೆಗೆಯುವಲ್ಲಿನ ಲೋಪವೊಂದರಿಂದಲೇ ಪ್ರಕರಣ ಬಿದ್ದುಹೋಗದೆಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಈ ನಿಯಮಗಳಿರುವುದು ನಿರಪರಾಧಿಯು ಬಲಿಯಾಗದಿರಲಿ ಎಂಬುದಕ್ಕಾಗಿ. ಮಕ್ಕಳ ಕೈಗೆ ವಿಷ ಕೊಡುವ ಮಾರಾಟಗಾರನ ಪರವಾಗಿ ಈ ವೇದಿಕೆ ಒಂದು ಮಾತನ್ನೂ ಆಡದು. ಅವನು ನಮ್ಮವನೆಂಬ ಕಾರಣಕ್ಕೆ ಠಾಣೆಗೆ ಶಿಫಾರಸು ಹಿಡಿದು ಹೋಗುವ ಮುಖಂಡನೂ ಆ ಪಾಪದಲ್ಲಿ ಪಾಲುದಾರ.

ಈಗ ನಾವು ಕಂಡ ಒಂದು ಮನೆಯ ವಿಷಯ ಹೇಳುತ್ತೇವೆ. ಹೆಸರು, ಊರು ಬೇಡ. ಮಗ ಅಮಲು ಸೇವಿಸುತ್ತಿದ್ದಾನೆಂದು ಆ ತಾಯಿಗೆ ಆರು ತಿಂಗಳ ಮೊದಲೇ ಗೊತ್ತಿತ್ತು. ಆಕೆ ಯಾರಿಗೂ ಹೇಳಲಿಲ್ಲ. ಹೇಳಿದರೆ ಮಗಳಿಗೆ ಸಂಬಂಧ ಕೂಡಿ ಬಾರದು, ಜಮಾಅತ್ ದೂರವಿಡುತ್ತದೆ, ಗಲ್ಫ್‌ನಲ್ಲಿರುವ ಗಂಡ ತನ್ನನ್ನೇ ದೂರುತ್ತಾನೆ ಎಂಬ ಭಯ. ಆ ಆರು ತಿಂಗಳಲ್ಲಿ ಮಗ ತನ್ನ ಖರ್ಚಿಗಾಗಿ ಗೆಳೆಯರಿಗೆ ಪೊಟ್ಟಣ ತಲುಪಿಸತೊಡಗಿದ. ಸಿಕ್ಕಿಬಿದ್ದಾಗ ಅವನಲ್ಲಿದ್ದ ಎಂಡಿಎಂಎ ಅಲ್ಪ ಪ್ರಮಾಣವಾದ ಅರ್ಧ ಗ್ರಾಂನ ಗೆರೆಯನ್ನು ದಾಟಿತ್ತು. ಆಕೆ ನಮ್ಮೊಡನೆ ಕೇಳಿದ್ದು ಒಂದೇ ಪ್ರಶ್ನೆ: ‘ನಾನು ಮೊದಲೇ ಹೇಳಿದ್ದರೆ ಏನಾದರೂ ದಾರಿಯಿತ್ತೇ?’

ದಾರಿಯಿತ್ತು. ಅದನ್ನು ಆಕೆಗೆ ಹೇಳುವುದು ನಮಗೆ ಸುಲಭವಾಗಿರಲಿಲ್ಲ. ಕೇವಲ ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿಯು ಸ್ವಇಚ್ಛೆಯಿಂದ ಸರಕಾರಿ ಅಥವಾ ಸರಕಾರದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಮುಂದಾದರೆ ಅವನನ್ನು ವಿಚಾರಣೆಯಿಂದ ಮುಕ್ತಗೊಳಿಸುವ ಅವಕಾಶ ಇದೇ ಕಾಯ್ದೆಯ 64ಎ ಸೆಕ್ಷನ್‌ನಲ್ಲಿದೆ. ಚಿಕಿತ್ಸೆಯನ್ನು ಅರ್ಧದಲ್ಲಿ ಬಿಟ್ಟರೆ ಆ ರಕ್ಷಣೆಯನ್ನು ಹಿಂಪಡೆಯಬಹುದು. ಅಲ್ಪ ಪ್ರಮಾಣದ ಅಪರಾಧದಲ್ಲಿ ದೋಷಿಯೆಂದು ತೀರ್ಮಾನವಾದ ವ್ಯಸನಿಯನ್ನು ಕೂಡ ಜೈಲಿನ ಬದಲು ಚಿಕಿತ್ಸೆಗೆ ಕಳುಹಿಸಲು 39ನೇ ಸೆಕ್ಷನ್ ಅನುಮತಿಸುತ್ತದೆ. ಕಾನೂನು ತೆರೆದಿಟ್ಟ ಬಾಗಿಲನ್ನು ಮುಚ್ಚಿದವರು ಯಾರು? ಆ ತಾಯಿಯೇ? ಅಥವಾ ಆಕೆಯನ್ನು ಬಾಯಿ ಬಿಡದಂತೆ ಹೆದರಿಸಿದ ನಾವೇ?

ಗಡಿಯಾಚೆಯ ಕಾಸರಗೋಡಿನಲ್ಲಿ ಮಾದಕ ವ್ಯಸನಿಗಳ ವಿವಾಹಕ್ಕೆ ಸಹಕರಿಸುವುದಿಲ್ಲವೆಂದು ಕೆಲವು ಜಮಾಅತ್‌ಗಳು 2022ರ ವೇಳೆಗೆ ನಿರ್ಧರಿಸಿದವು. ಹೆಣ್ಣು ಮಕ್ಕಳ ಬದುಕನ್ನು ಉಳಿಸುವ ಅವರ ಕಾಳಜಿಯನ್ನು ನಾವು ಗೌರವಿಸುತ್ತೇವೆ. ಆದರೆ ಬಹಿಷ್ಕಾರವೊಂದೇ ನಮ್ಮ ಔಷಧಿಯಾದರೆ ಪ್ರತಿ ಮನೆಯೂ ರೋಗವನ್ನು ಬಚ್ಚಿಡುತ್ತದೆ. ಮಾರುವವನನ್ನೂ ವ್ಯಸನಿಯನ್ನೂ ಕಾನೂನೇ ಬೇರೆ ಬೇರೆಯಾಗಿ ಕಾಣುವಾಗ ನಾವೇಕೆ ಒಂದೇ ಕೋಲಿನಿಂದ ಹೊಡೆಯಬೇಕು? ನಮ್ಮ ನೆರೆಯ ಬೆಳ್ತಂಗಡಿಯಲ್ಲಿ ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ವರ್ಷಗಳಿಂದ ಮದ್ಯವರ್ಜನ ಶಿಬಿರ ನಡೆಸುತ್ತಿದ್ದಾರೆ. ಕುಡುಕನನ್ನು ಊರಿನಿಂದ ಓಡಿಸುವ ಬದಲು ಊರಿನವರೇ ಅವನ ಸುತ್ತ ನಿಲ್ಲುವ ಆ ರೀತಿಯಿಂದ ನಾವು ಕಲಿಯಲು ಸಂಕೋಚವೇಕೆ?

ರಾಜಕೀಯದ ಮಾತೂ ಒಂದಿದೆ. ಮಾದಕ ದ್ರವ್ಯಕ್ಕೆ ಧರ್ಮದ ಹೆಸರು ಹಚ್ಚುವವರಿದ್ದಾರೆ. 2021ರಲ್ಲಿ ಕೇರಳದಲ್ಲಿ ‘ನಾರ್ಕೋಟಿಕ್ ಜಿಹಾದ್’ ಎಂಬ ಪದವನ್ನು ಹರಿಯಬಿಟ್ಟದ್ದನ್ನು ನಾವು ಮರೆತಿಲ್ಲ. ದಂಧೆಗೆ ಜಾತಿಯಿಲ್ಲ, ಹಿಂದೂ, ಮುಸ್ಲಿಮ್, ಕ್ರೈಸ್ತ ತಾಯಂದಿರ ಕಣ್ಣೀರಿಗೂ ಇಲ್ಲ. ಆದರೆ ಆ ಅಪಪ್ರಚಾರಕ್ಕೆ ಉತ್ತರಿಸುವ ಭರದಲ್ಲಿ ನಮ್ಮೊಳಗಿನ ಹುಣ್ಣನ್ನು ಮುಚ್ಚಿಡುವುದು ಜಾಣತನವಲ್ಲ.

ವಿದೇಶಕ್ಕೆ ಹೋಗುವವರಿಗೆ ಒಂದು ಎಚ್ಚರಿಕೆ. 2019ರಲ್ಲಿ ಮಧುಚಂದ್ರಕ್ಕೆಂದು ಕತಾರಿಗೆ ಹೋದ ಮುಂಬೈಯ ದಂಪತಿಯ ಚೀಲದಲ್ಲಿ ನಾಲ್ಕು ಕಿಲೋಗೂ ಹೆಚ್ಚು ಚರಸ್ ಸಿಕ್ಕಿತು. ಆ ಪೊಟ್ಟಣವನ್ನು ಕೊಟ್ಟದ್ದು ಸ್ವಂತ ಬಂಧು. ಹತ್ತು ವರ್ಷಗಳ ಸಜೆಯಾಗಿ, ಮಗು ಜೈಲಿನಲ್ಲೇ ಹುಟ್ಟಿತು. 2021ರಲ್ಲಿ ನಿರ್ದೋಷಿಗಳೆಂದು ಬಿಡುಗಡೆಯಾಗುವ ಹೊತ್ತಿಗೆ ಸುಮಾರು ಎರಡು ವರ್ಷ ಕಳೆದಿತ್ತು. ಆದ್ದರಿಂದ ಬಿಚ್ಚಿ ನೋಡದ ಪೊಟ್ಟಣವನ್ನು ಯಾರು ಕೊಟ್ಟರೂ ಒಯ್ಯಬೇಡಿರಿ.

ಕೊನೆಯದಾಗಿ, ರಾತ್ರಿ ಠಾಣೆಯಿಂದ ಕರೆ ಬಂದರೆ ದಲ್ಲಾಳಿಯನ್ನು ಹುಡುಕಬೇಡಿರಿ, ವಕೀಲರನ್ನು ಹುಡುಕಿರಿ. ಬಂಧನದ ಕಾರಣವನ್ನು ತಿಳಿಯುವುದು, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವುದು ಸಂವಿಧಾನದ 22ನೇ ವಿಧಿ ಕೊಟ್ಟ ಹಕ್ಕು. ಸೆರೆಯಲ್ಲಿರುವ ಯಾರಿಗೇ ಆಗಲಿ, ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗಬೇಕೆಂದು 1987ರ ಕಾಯ್ದೆ ಹೇಳುತ್ತದೆ. ಸಹಾಯವಾಣಿ 15100. ಹದಿನೆಂಟು ತುಂಬದ ಮಕ್ಕಳ ಪ್ರಕರಣ ಬಾಲ ನ್ಯಾಯ ಮಂಡಳಿಯ ಮುಂದೆ ಹೋಗಬೇಕು. ವ್ಯಸನ ಮುಕ್ತಿಗೆ 14446, ಮಾರಾಟಗಾರರ ಮಾಹಿತಿ ನೀಡಲು 1933. ಈ ಮೂರು ಸಂಖ್ಯೆಗಳನ್ನು ಮಸೀದಿಯ ಫಲಕದಲ್ಲಿ ಬರೆಯಿಸಿರಿ ಎಂಬುದು ಆಡಳಿತ ಸಮಿತಿಯಲ್ಲಿ ನಮ್ಮ ವಿನಂತಿ.

ಇನ್ನೊಂದು ವಿನಂತಿ ಇಲ್ಲಿರುವ ಹಿರಿಯರಲ್ಲಿ. ನಾಳೆ ಒಬ್ಬ ತಾಯಿ ನಿಮ್ಮ ಬಾಗಿಲಿಗೆ ಬಂದು ‘ನನ್ನ ಮಗ ಹಾಳಾಗುತ್ತಿದ್ದಾನೆ’ ಎಂದರೆ ಆಕೆಯ ಮಾತನ್ನು ಪೂರ್ತಿ ಕೇಳಿರಿ. ಅದು ಆ ಕೋಣೆಯಿಂದ ಹೊರಗೆ ಹೋಗದಿರಲಿ. ಮತ್ತು ಆಕೆಯೊಂದಿಗೆ ಆಸ್ಪತ್ರೆಗೆ ಹೊರಡಲು ನಿಮ್ಮಲ್ಲೊಬ್ಬರು ಸಿದ್ಧರಿರಲಿ.