ಅಪ್ಪಣೆಯನ್ನು ಕೇಳದ ನರಗಳು



ಉಂಡ ಅನ್ನವನ್ನು ಅರಗಿಸೆಂದು ನಾವಾರೂ ಜಠರಕ್ಕೆ ಅಪ್ಪಣೆ ಕೊಡುವುದಿಲ್ಲ. ನಿದ್ರೆಯಲ್ಲಿ ಹೃದಯವು ಬಡಿಯುವುದೂ, ಬಿಸಿಲಿಗೆ ಕಣ್ಣಿನ ಪಾಪೆಯು ಕಿರಿದಾಗುವುದೂ ನಮ್ಮ ಇಚ್ಛೆಯನ್ನು ಕೇಳಿ ನಡೆಯತಕ್ಕವುಗಳಲ್ಲ. ಇವನ್ನು ನಡೆಸುವ ನರಗಳ ಸಮೂಹಕ್ಕೆ ಕೇಂಬ್ರಿಜ್ಜಿನ ಲ್ಯಾಂಗ್ಲಿ ಎಂಬ ವಿದ್ವಾಂಸನು 1898ರಲ್ಲಿ ಒಂದು ಹೆಸರನ್ನಿಟ್ಟನು. ಅದನ್ನು ನಾವು ಸ್ವಾಯತ್ತ ನರವ್ಯೂಹವೆಂದು ಕರೆಯಬಹುದು.

ಇದರಲ್ಲಿ ಮುಖ್ಯವಾಗಿ ಎರಡು ಪಂಗಡಗಳುಂಟು. ಮಲೆಮಹದೇಶ್ವರನ ಬೆಟ್ಟದ ದಾರಿಯಲ್ಲಿ ಆನೆಯು ಎದುರಾದರೆ ಎದೆಯು ಡವಗುಟ್ಟಿ, ಬಾಯಿ ಒಣಗಿ, ಕಾಲಿಗೆ ಓಟ ಬರುವುದಷ್ಟೆ. ಅದು ಒಂದರ ಕೆಲಸ. ಮನೆಯನ್ನು ಸೇರಿ ಉಂಡು ಒರಗಿದಾಗ ಎದೆಯ ಬಡಿತವನ್ನು ತಗ್ಗಿಸಿ, ಜೊಲ್ಲನ್ನೂ ಜೀರ್ಣರಸವನ್ನೂ ಸುರಿಸುವುದು ಇನ್ನೊಂದರದು. ಈ ಎರಡನೆಯದು ತನ್ನ ಆಜ್ಞೆಯನ್ನು ಅಂಗಗಳಿಗೆ ಮುಟ್ಟಿಸುವುದು ಹೇಗೆ? ಆಟೋ ಲೋವಿ ಎಂಬಾತನು 1921ರಲ್ಲಿ ಕಪ್ಪೆಯ ಹೃದಯದ ನರವನ್ನು ಕೆರಳಿಸಿ ಬಡಿತವನ್ನು ನಿಧಾನಗೊಳಿಸಿದನು. ಆ ಹೃದಯವನ್ನು ತೊಯಿಸಿದ್ದ ದ್ರವವನ್ನು ಮತ್ತೊಂದು ಹೃದಯಕ್ಕೆ ಎರೆಯಲು ಅದೂ ನಿಧಾನವಾಯಿತು. ನರದ ತುದಿಯಿಂದ ಒಂದು ರಸವು ಒಸರುವುದೆಂದು ಇದರಿಂದ ಸಿದ್ಧವಾಯಿತು. ಅದೇ ಅಸೆಟೈಲ್‌ಕೋಲೀನ್. ಕೆಲಸವು ಮುಗಿದ ಕ್ಷಣವೇ ಅದನ್ನು ಕತ್ತರಿಸಿಹಾಕುವ ಕಿಣ್ವವೂ ಅಲ್ಲಿಯೇ ಉಂಟು. ಕಿಣ್ವವು ಕೆಟ್ಟರೆ ಆಜ್ಞೆಗೆ ಕೊನೆಯೇ ಇರದು.

ಹಾಗೆ ಕೆಟ್ಟುದನ್ನು ನಮ್ಮ ಸೀಮೆಯು ಕಣ್ಣಾರೆ ಕಂಡಿತು. 2018ರ ಡಿಸೆಂಬರ್ 14ರಂದು ಹನೂರು ತಾಲ್ಲೂಕಿನ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಗೋಪುರಕ್ಕೆ ಶಂಕುಸ್ಥಾಪನೆಯಾಯಿತು. ಅಂದಿನ ಪ್ರಸಾದದಲ್ಲಿ ಮಾನೋಕ್ರೋಟೋಫಾಸ್ ಎಂಬ ಕೀಟನಾಶಕವು ಬೆರೆತಿದ್ದಿತು. ನೂರಕ್ಕೆ ಮಿಗಿಲಾದ ಜನರು ಅಸ್ವಸ್ಥರಾದರು. 17 ಮಂದಿ ತೀರಿಕೊಂಡರು.

ಈ ಜಾತಿಯ ವಿಷವು ಆ ಕಿಣ್ವವನ್ನೇ ಹಿಡಿದು ಕಟ್ಟುವುದು. ಆಗ ಜೊಲ್ಲು, ಕಣ್ಣೀರು, ಬೆವರು ಸುರಿಯುವುವು, ವಾಂತಿಭೇದಿಗಳಾಗುವುವು, ಕಣ್ಣಿನ ಪಾಪೆಯು ಸೂಜಿಯ ಮೊನೆಯಷ್ಟಾಗುವುದು. ಶ್ವಾಸನಾಳಗಳು ಬಿಗಿದು ಕಫದಿಂದ ತುಂಬುವುವು. ಉಸಿರಾಟದ ಸ್ನಾಯುಗಳೂ ಸೋಲುವುವು. ಪ್ರಾಣವು ಹೋಗುವುದು ಬಹುಮಟ್ಟಿಗೆ ಈ ಉಸಿರಿನ ದಾರಿಯಿಂದಲೇ. ಇದಕ್ಕೆ ಅಟ್ರೋಪೀನನ್ನು ಚುಚ್ಚುವರು. ವೈದ್ಯನು ನೋಡುವುದು ಮುಖ್ಯವಾಗಿ ಎದೆಯೊಳಗಿನ ಗೊರಗೊರ ಸದ್ದನ್ನು. ಅದು ಅಡಗುವವರೆಗೆ ಮತ್ತೆ ಮತ್ತೆ ಕೊಡಬೇಕು. ಸ್ನಾಯುಗಳು ಸೋತವನಿಗೆ ಉಸಿರಾಟದ ಯಂತ್ರವೇ ಗತಿ. ಸುಳ್ವಾಡಿಯವರಲ್ಲಿ ಅನೇಕರನ್ನು ಮೈಸೂರಿಗೆ ಸಾಗಿಸಬೇಕಾಯಿತು. ಆ ದಾರಿಯು ನೂರು ಕಿಲೋಮೀಟರಿಗೂ ಮಿಗಿಲು. (ನಮ್ಮ ತಿಪ್ಪೆಗಳ ಮೇಲೆ ಬೆಳೆಯುವ ಉಮ್ಮತ್ತಿಯಲ್ಲಿಯೂ ಅಟ್ರೋಪೀನಿನ ಬಳಗದ ವಸ್ತುಗಳುಂಟು. ಅದನ್ನು ಅರೆದು ಕುಡಿಸಲು ಹೊರಟವನು ವಿಷಕ್ಕೆ ಇನ್ನೊಂದು ವಿಷವನ್ನು ಕೂಡಿಸಿದಂತಾಗುವುದು.)

ಹೊಲಕ್ಕೆ ಹೊಡೆಯುವ ಇಂಥ ದ್ರವವನ್ನು ನಮ್ಮವರು ಔಷಧಿಯೆನ್ನುವರು. ಈ ಹೆಸರು ನನಗೆ ಸಮ್ಮತವಲ್ಲ. ಹುಳುವಿನ ನರದಲ್ಲಿಯೂ ಮನುಷ್ಯನ ನರದಲ್ಲಿಯೂ ಅದು ಕೆಡಿಸುವುದು ಒಂದೇ ಬಗೆಯ ಕಿಣ್ವವನ್ನು. ಕೊಳ್ಳೇಗಾಲದ ರೇಷ್ಮೆ ಬೆಳೆಗಾರನಿಗೆ ಈ ಸಂಗತಿಯನ್ನು ಪುಸ್ತಕದಿಂದ ಕಲಿಸಬೇಕಾಗಿಲ್ಲ. ಪಕ್ಕದ ಹೊಲದ ಸಿಂಪಡಿಕೆಯು ಹಿಪ್ಪುನೇರಳೆಯ ಮೇಲೆ ಬಿದ್ದರೆ ಆ ಸೊಪ್ಪನ್ನು ಹುಳುಗಳಿಗೆ ಹಾಕಲು ಅವನು ಅಂಜುವನು. ಆದರೆ ಯಳಂದೂರಿನ ಗದ್ದೆಗೆ ಸಿಂಪಡಿಸುವ ಕೂಲಿಯವನು ಬರಿಮೈಯಲ್ಲಿ ನಿಂತರೆ ಅಂಜುವವರು ಯಾರು? ವಿಷವು ಚರ್ಮದಿಂದಲೂ ಒಳಗಿಳಿಯುವುದು. ಅಂಥವನಿಗೆ ತಲೆ ತಿರುಗಿ, ಬೆವರಿ, ಬಾಯಲ್ಲಿ ನೀರೂರತೊಡಗಿದರೆ ಒದ್ದೆಯಾದ ಬಟ್ಟೆಯನ್ನು ಕೂಡಲೆ ತೆಗೆದು, ಸಾಬೂನು ನೀರಿನಿಂದ ಮೈ ತೊಳೆಯಬೇಕು. ವಿಷವನ್ನು ನುಂಗಿದವನಿಗೆ ಬಲವಂತವಾಗಿ ವಾಂತಿ ಮಾಡಿಸಬಾರದು. ಡಬ್ಬಿಯನ್ನೂ ಅದರ ಚೀಟಿಯನ್ನೂ ಜೊತೆಗೆ ತೆಗೆದುಕೊಂಡು, ಬಿಸಿಲಿನ ಬಳಲಿಕೆಯಿರಬಹುದೆಂದು ಸಂಜೆಯವರೆಗೆ ಕಾಯದೆ, ಆಸ್ಪತ್ರೆಗೆ ಒಯ್ಯಬೇಕು.