ಮೊರದ ತುಂಬ ಕೆಂಪು

17ನೇ ಶತಮಾನದ ಡಚ್ ಚಿತ್ರಕಾರರು ಊಟದ ಮೇಜನ್ನೇ ಬರೆದರು: ಅರ್ಧ ಸುಲಿದ ನಿಂಬೆ, ಗಡಿಯಾರ, ಆರಿದ ದೀಪ. ಮನುಷ್ಯ ಅಲ್ಲಿಲ್ಲ, ಅವನ ಆಯುಷ್ಯದ ಮಾತಿದೆ.

ನಮ್ಮ ಹಾವೇರಿ ಪಕ್ಕದ ಅಗಡಿಯಲ್ಲಾದರೆ ಅಂಥ ಚಿತ್ರಕ್ಕೆ ಮೊರದ ತುಂಬ ಬ್ಯಾಡಗಿ ಮೆಣಸಿನಕಾಯಿ ಸಾಕು. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಈ ಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಕಿಟಕಿಯ ಓರೆ ಬೆಳಕು ಬಿದ್ದರೆ ಸುಕ್ಕಿನ ಏಣು ಕೆಂಡದಂತೆ ಹೊಳೆಯುತ್ತದೆ, ಮಡಿಕೆಯೊಳಗೆ ಕೆಂಪು ಕಪ್ಪಾಗುತ್ತದೆ. ಬರೀ ಕೆಂಪು ಬಳಿದವನು ಸೋತ! ಪಕ್ಕದಲ್ಲಿ ತಕ್ಕಡಿ ಇಟ್ಟು ನೋಡಿ, ಚಿತ್ರದಲ್ಲಿ ಪೇಟೆಯ ಧಾರಣೆಯ ದಿಗಿಲು. ಒರಳುಕಲ್ಲು ಇಟ್ಟರೆ ಅವ್ವನ ಅಡುಗೆಮನೆ. ಕಾಯಿ ಅದೇ, ಭಾವ ಬೇರೆ.

ಚಿತ್ರಕಲಾ ಮಾಸ್ತರರೇ, ಮಕ್ಕಳ ಮುಂದೆ ಪ್ಲಾಸ್ಟಿಕ್ ಸೇಬು ಇಡಬೇಡಿ. ಮನೆಯಿಂದಲೇ ನಾಲ್ಕು ಮೆಣಸಿನಕಾಯಿ ತರಲು ಹೇಳಿ.